ನುಸಿಗೆ ಬೂಷ್ಟೇ ಮದ್ದಾಗಲಿ

ರಜೆಯಲ್ಲಿ ಊರಿಗೆ ಹೋದಾಗ ತೆಂಗಿನಕಾಯಿಯ ಮೇಲೆ ಕಂದು ಬಣ್ಣದ ಬಿರುಕುಗಳನ್ನು ನೀವೂ ನೋಡಿರಬಹುದು. ಅಂಥ ಕಾಯಿ ಚಿಕ್ಕದಾಗಿ, ಸೊಟ್ಟಗಾಗಿ ಇರುತ್ತದೆ. ಸುಲಿಯಲು ಹೋದರೆ ಸಿಪ್ಪೆ ಬಿಡುವುದಿಲ್ಲ. ಇದೇ ನುಸಿಪೀಡೆ. ನಮ್ಮ ದೇಶದಲ್ಲಿ 1998ರಲ್ಲಿ ಕೇರಳದಿಂದ ಮೊದಲು ವರದಿಯಾಗಿ, ಬೇಗನೆ ತಮಿಳುನಾಡು, ಕರ್ನಾಟಕಗಳಿಗೂ ಹಬ್ಬಿತು. ತಿಪಟೂರು ಕಡೆಯ ನಮ್ಮ ತೋಟವನ್ನೂ ಬಿಡಲಿಲ್ಲ.

ನುಸಿ ಕೀಟವಲ್ಲ, ಜೇಡನ ಬಳಗದ್ದು. ಆದರೆ ಜೇಡಕ್ಕೆ ಎಂಟು ಕಾಲಾದರೆ ಇದಕ್ಕೆ ನಾಲ್ಕೇ! ಉದ್ದ ಒಂದು ಮಿಲಿಮೀಟರಿನ ಕಾಲು ಭಾಗ. ಎಳೆಗಾಯಿಯ ತೊಟ್ಟಿನ ಬಳಿ ಟೋಪಿಯಂತೆ ಮುಚ್ಚಿರುವ ಎಸಳುಗಳ ಕೆಳಗೆ ಸೇರಿಕೊಂಡು ರಸ ಹೀರುತ್ತದೆ. ಅಲ್ಲಿಗೆ ಮಳೆಯೂ ತಾಗದು, ಔಷಧವೂ ತಾಗದು.

ಹಾಗಾಗಿ ಆಗ ನಮ್ಮ ತಂದೆಯವರು ಅಂಗಡಿಯವರ ಮಾತು ಕೇಳಿ ಬೇರಿಗೆ ಮಾನೊಕ್ರೋಟೋಫಾಸ್ ಕಟ್ಟಿದರು. ಬೇರನ್ನು ಓರೆಯಾಗಿ ಕತ್ತರಿಸಿ, ವಿಷ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಅದಕ್ಕೆ ಬಿಗಿಯುವುದು. ವಿಷ ಬೇರಿನಿಂದ ಏರಿ ಕಾಯಿಗೆ ಬರುತ್ತದೆ. ಆಮೇಲೆ 45 ದಿನ ಕಾಯಿ ಕೀಳಬಾರದೆಂಬ ನಿಯಮವಿತ್ತು. ಆದರೆ ನೆಂಟರು ಬಂದಾಗ ಎಳನೀರು ಕೊಡದೆ ಕಳುಹಿಸುವ ಮನೆ ನಮ್ಮ ಕಡೆ ಎಲ್ಲಿದೆ? ಆ ಸಲ ನಾವು ಮಸ್ಕತ್ತಿನಿಂದ ಹೋಗಿದ್ದೆವು. ಮಗಳು ಎಳನೀರು ಕೇಳಿದಳು. ಅಪ್ಪ ಮರವನ್ನು ನೋಡಿ, ಬೆರಳೆಣಿಸಿ, "ಬೇಡ ಮಗಾ, ಮಜ್ಜಿಗೆ ಕುಡಿ" ಎಂದರು. ಇದೇ ಔಷಧವನ್ನು ತರಕಾರಿಗೆ ಬಳಸಬಾರದೆಂದು ಸರ್ಕಾರ 2005ರಲ್ಲಿ ನಿಷೇಧಿಸಿತು.

ಇದಕ್ಕೆ ಬೇರೆ ದಾರಿಯೇ ಇಲ್ಲವೆ? ಇದೆ. ಹಿರ್ಸುಟೆಲ್ಲಾ ಥಾಂಪ್ಸೋನಿ ಎಂಬ ಒಂದು ಬೂಷ್ಟು ಇದೆ. ಇದರ ಬೀಜಕಣ ನುಸಿಯ ಮೈಗೆ ಅಂಟಿ, ಮೊಳೆತು, ಚರ್ಮವನ್ನು ಕೊರೆದು ಒಳಗೆ ಬೆಳೆಯುತ್ತದೆ. ನುಸಿ ಸಾಯುತ್ತದೆ, ಅದರ ಹೆಣದ ಮೇಲೆ ಹೊಸ ಬೀಜಕಣಗಳು ಹುಟ್ಟಿ ಪಕ್ಕದ ನುಸಿಗೆ ಅಂಟುತ್ತವೆ. ಬೆಂಗಳೂರಿನ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯದ (ಈಗಿನ ಹೆಸರು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ) ವಿಜ್ಞಾನಿಗಳು ಇದರಿಂದ ಮೈಕೋಹಿಟ್ ಎಂಬ ಸಿಂಪಡಣೆಯ ಪುಡಿಯನ್ನೂ ತಯಾರಿಸಿದರು.

ಈ ಬೂಷ್ಟಿನ ಕಥೆ ಫ್ಲೋರಿಡಾದ ಕಿತ್ತಳೆ ತೋಟಗಳಲ್ಲಿ ಶುರುವಾಗುತ್ತದೆ. ಮಳೆಗಾಲದಲ್ಲಿ ನುಸಿಗಳು ಇದ್ದಕ್ಕಿದ್ದಂತೆ ಮಾಯವಾಗುವುದನ್ನು 1920ರ ದಶಕದಲ್ಲೇ ಗಮನಿಸಿದ್ದರು. ಇನ್ನೊಂದು ತಮಾಷೆ ನೋಡಿ: ಎಲೆರೋಗಕ್ಕೆಂದು ತಾಮ್ರದ ಔಷಧ ಹೊಡೆದ ತೋಟಗಳಲ್ಲಿ ನುಸಿ ಇನ್ನೂ ಹೆಚ್ಚಾಯಿತು. ರೋಗದ ಬೂಷ್ಟಿನ ಜೊತೆಗೆ ಗೆಳೆಯ ಬೂಷ್ಟೂ ಸತ್ತಿತ್ತು! ಬೋರ್ಡೋ ದ್ರಾವಣವನ್ನು ದೇವರ ತೀರ್ಥದಂತೆ ನಂಬುವ ನಮ್ಮವರು ಇದನ್ನು ತಿಳಿಯಬೇಕು.

ಬೂಷ್ಟು ಪವಾಡ ಮಾಡುತ್ತದೆಂದು ನಾನು ಹೇಳುವುದಿಲ್ಲ. ಅದಕ್ಕೆ ತೇವ ಬೇಕು. ನುಸಿ ಮೆರೆಯುವುದೋ ಬೇಸಿಗೆಯಲ್ಲಿ. ಅಮೆರಿಕದಲ್ಲಿ 1980ರ ದಶಕದಲ್ಲಿ ಮಾರಾಟಕ್ಕೆ ಬಂದ ಇದರ ಪುಡಿ ಹೆಚ್ಚು ಕಾಲ ನಿಲ್ಲಲಿಲ್ಲ. ಮರ ಹತ್ತುವವರು ಸಿಗುವುದೂ ಕಷ್ಟ. ಇಲ್ಲಿನ ಖರ್ಜೂರಕ್ಕೂ ಘುಬಾರ್ ಎಂಬ ನುಸಿ ಬಲೆ ಕಟ್ಟುತ್ತದೆ, ಅದರ ಮೇಲೆ ಧೂಳು ಕೂರುತ್ತದೆ. ಆದರೆ ಈ ಒಣ ಸೆಕೆಯಲ್ಲಿ ಬೂಷ್ಟನ್ನು ನಂಬಿ ಎಂದು ಒಮಾನಿ ರೈತನಿಗೆ ಹೇಳುವ ಧೈರ್ಯ ನನಗಿಲ್ಲ.

ತಿಪಟೂರಿನ ಮಾತು ಬೇರೆ. ಅಲ್ಲಿ ಮಳೆ ಇದೆ, ಕಾಯಿ ಕುಡಿಯುವ ಮಕ್ಕಳಿದ್ದಾರೆ. ಊರಿನ ತೋಟಕ್ಕೆ ಔಷಧದ ಹಣ ಹೋಗುವುದು ಬಹಳಷ್ಟು ನಮ್ಮ ಕೈಯಿಂದಲೇ. ಕಳುಹಿಸುವವರು ಯಾವ ಔಷಧವೆಂದು ಕೇಳಿದರೆ ತಪ್ಪೇನು? ನಾನು ಕೇಳಿದೆ. ತಮ್ಮ ಮೊದಲು ನಕ್ಕ. ಕೊನೆಗೆ ಬರುವ ಮಳೆಗಾಲಕ್ಕೆ ಮನೆಯ ಹಿಂದಿನ ಇಪ್ಪತ್ತು ಮರಗಳನ್ನು ಬೂಷ್ಟಿಗೆ ಬಿಡಲು ಒಪ್ಪಿದ್ದಾನೆ. ಉಳಿದವು ಅವನ ಇಷ್ಟ. ಮಗಳಿಗೆ ಎಳನೀರು ಮಾತ್ರ ಆ ಇಪ್ಪತ್ತರಿಂದಲೇ.