ಒಂದೇ ಕೋಣೆಗೆ ಮೂರು ಬಾಗಿಲು

ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಾಳೆ: "ತಾತ, ನಮ್ಮಜ್ಜಿಗೆ ಸೊಂಟದ ಕೀಲು ಬದಲಾಯಿಸಬೇಕಂತೆ. ಒಬ್ಬ ಡಾಕ್ಟರು ಮುಂದಿನಿಂದ ಮಾಡ್ತೀನಿ ಅಂತಾರೆ, ಇನ್ನೊಬ್ಬರು ಹಿಂದಿನಿಂದ ಅಂತಾರೆ. ಯಾವುದು ಒಳ್ಳೇದು?"

ನಾನು ಡಾಕ್ಟರಲ್ಲ ಮಗು, ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಜಮಾ-ಖರ್ಚು ಎದುರುಬದುರು ಇಟ್ಟು ನೋಡುವುದು ಗೊತ್ತು. ಹಾಗೇ ನೋಡೋಣ.

ಮಕ್ಕಳೇ, ರುಬ್ಬುವ ಒರಳು ನೋಡಿದ್ದೀರಲ್ಲ? ಕುಳಿಯೊಳಗೆ ಗುಂಡು ತಿರುಗುತ್ತದೆ. ಸೊಂಟದ ಕೀಲೂ ಹಾಗೇ. ಸೊಂಟದ ಮೂಳೆಯಲ್ಲಿ ಕುಳಿ, ತೊಡೆಮೂಳೆಯ ತುದಿಯಲ್ಲಿ ಗುಂಡು, ಎರಡಕ್ಕೂ ನುಣುಪಾದ ಮೃದ್ವಸ್ಥಿಯ ಹೊದಿಕೆ. ಆ ಹೊದಿಕೆ ಸವೆದು ಮೂಳೆಗೆ ಮೂಳೆ ಉಜ್ಜತೊಡಗುವುದೇ ಆಸ್ಟಿಯೋಆರ್ಥ್ರೈಟಿಸ್. ಆಗ ಕಾಲಿನ ಉಗುರು ಕತ್ತರಿಸಿಕೊಳ್ಳಲೂ ಆಗದು, ರಾತ್ರಿ ನಿದ್ದೆಯೂ ಬಾರದು. ಮಾತ್ರೆ, ವ್ಯಾಯಾಮ, ಊರುಗೋಲು ಯಾವುದೂ ಸಾಲದಾದಾಗ ಗುಂಡು, ಕುಳಿ ಎರಡನ್ನೂ ಬದಲಿಸುತ್ತಾರೆ.

ಇಂದಿನ ಕೀಲಿಗೆ ದಾರಿ ತೋರಿಸಿದವರು ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಡಾ. ಜಾನ್ ಚಾರ್ನ್ಲಿ. ಮೊದಲು ಅವರು ಟೆಫ್ಲಾನ್ ಕುಳಿ ಹಾಕಿದರು. ಅದು ಕೆಲವೇ ವರ್ಷಗಳಲ್ಲಿ ಸವೆದುಹೋಯಿತು. 1962ರಲ್ಲಿ ಗಟ್ಟಿ ಪಾಲಿಎಥಿಲೀನ್ ಕುಳಿ, ಸಣ್ಣ ಲೋಹದ ಗುಂಡು ಇಟ್ಟರು. ಅದು ಬಾಳಿತು. ಕೀಲನ್ನು ತಲುಪಲು ಅವರು ತೊಡೆಮೂಳೆಯ ಪಕ್ಕದ ಉಬ್ಬನ್ನೇ ಕತ್ತರಿಸಿ, ಕೊನೆಗೆ ತಂತಿಯಿಂದ ಕಟ್ಟುತ್ತಿದ್ದರು. ಈಗ ಸಾಮಾನ್ಯವಾಗಿ ಅಷ್ಟು ಬೇಕಿಲ್ಲ. ಹೆಚ್ಚಾಗಿ ಬಳಸುವ ಬಾಗಿಲು ಮೂರು.

ಹಿಂಬಾಗಿಲು: ಪೃಷ್ಠದ ಕಡೆಯಿಂದ. ಜಮಾ: ಕೀಲು ಚೆನ್ನಾಗಿ ಕಾಣುತ್ತದೆ, ನಡಿಗೆಗೆ ಬೇಕಾದ ಪಕ್ಕದ ಸ್ನಾಯು ಹಾಗೇ ಉಳಿಯುತ್ತದೆ. ಖರ್ಚು: ಹಿಂದಿನ ಸಣ್ಣ ಸ್ನಾಯುಗಳನ್ನು ಬಿಡಿಸಬೇಕು, ಗುಂಡು ಹಿಂದಕ್ಕೆ ಜಾರುವ ಭಯ ತುಸು ಹೆಚ್ಚು. ಅವನ್ನು ಮತ್ತೆ ಹೊಲಿದರೆ ಆ ಭಯ ಬಹಳ ಇಳಿಯುತ್ತದೆ.

ಪಕ್ಕದ ಬಾಗಿಲು: ಜಮಾ: ಗುಂಡು ಜಾರುವುದು ಕಡಿಮೆ. ಖರ್ಚು: ಪಕ್ಕದ ಸ್ನಾಯುವಿನ ಒಂದು ಭಾಗ ಬಿಡಿಸಬೇಕು. ಮಕ್ಕಳೇ, ಒಂಟಿಕಾಲಲ್ಲಿ ನಿಂತು, ಊರಿದ ಕಾಲಿನ ಸೊಂಟದ ಪಕ್ಕ ಕೈಯಿಟ್ಟು ನೋಡಿ, ಬಿಗಿಯಾಗುತ್ತದಲ್ಲ? ಅದೇ ಸ್ನಾಯು. ಅದು ಸರಿಯಾಗಿ ಕೂಡದಿದ್ದರೆ ಕುಂಟು ಉಳಿಯಬಹುದು. (ಅಜ್ಜ-ಅಜ್ಜಿಯರು ಈ ಪರೀಕ್ಷೆ ಮಾಡಬೇಡಿ!)

ಮುಂಬಾಗಿಲು: ಜಮಾ: ಸ್ನಾಯುಗಳ ನಡುವಿನ ಸಂದಿಯಲ್ಲೇ ಹೋಗುವುದರಿಂದ ಮೊದಲ ಕೆಲವು ವಾರ ಚೇತರಿಕೆ ಚುರುಕು. ಖರ್ಚು: ತೊಡೆಯ ಚರ್ಮ ಜೋಮು ಹಿಡಿದಂತಿರಬಹುದು, ಡಾಕ್ಟರಿಗೆ ಈ ದಾರಿ ಪಳಗಲು ಬಹಳ ಅಭ್ಯಾಸ ಬೇಕು.

ಈಗ ಕೂಡಿ ಕಳೆಯೋಣ. ವ್ಯತ್ಯಾಸವೆಲ್ಲ ಹೆಚ್ಚಾಗಿ ಮೊದಲ ವಾರಗಳದ್ದು. ವರ್ಷ ಕಳೆಯುವ ಹೊತ್ತಿಗೆ ಮುಂದಿನಿಂದ ಮಾಡಿಸಿದವರೂ ಹಿಂದಿನಿಂದ ಮಾಡಿಸಿದವರೂ ಬಹುತೇಕ ಒಂದೇ ಸಮ ನಡೆಯುತ್ತಾರೆ. ಆದ್ದರಿಂದ ಬಾಗಿಲಿಗಿಂತ, ಆ ಬಾಗಿಲಲ್ಲಿ ಪಳಗಿದ ಕೈ ಮುಖ್ಯ.

ಅಜ್ಜಿಯ ಜೊತೆ ಹೋಗುವಾಗ ಚೀಟಿಯಲ್ಲಿ ಬರೆದುಕೋ: "ನೀವು ಹೆಚ್ಚಾಗಿ ಮಾಡುವುದು ಯಾವ ವಿಧಾನ? ವರ್ಷಕ್ಕೆ ಎಷ್ಟು ಮಾಡುತ್ತೀರಿ? ಅಜ್ಜಿಯ ಮೂಳೆಗೆ ಸಿಮೆಂಟ್ ಬೇಕೇ? ನೆಲದ ಮೇಲೆ ಕೂರಬಹುದೇ, ಯಾವಾಗ?"

ಕೊನೆಯ ಪ್ರಶ್ನೆ ನಮ್ಮ ಮನೆಗಳಿಗೆ ಬಲು ಮುಖ್ಯ. ಚಕ್ಕಳಮಕ್ಕಳ ಕೂರುವುದು, ಕುಕ್ಕರಗಾಲಲ್ಲಿ ಕೂರುವುದು, ಬಗ್ಗಿ ರಂಗೋಲಿ ಇಡುವುದು ಹೊಸ ಕೀಲಿಗೆ ಅಪಾಯವಾಗಬಹುದು, ಅದರಲ್ಲೂ ಹಿಂಬಾಗಿಲಿನಿಂದ ಮಾಡಿಸಿದವರಿಗೆ. ಡಾಕ್ಟರು ಒಪ್ಪುವವರೆಗೆ ಎತ್ತರದ ಕುರ್ಚಿ, ಕಮೋಡ್ ಇರಲಿ. ಜಾರುವ ಚಾಪೆ ಎತ್ತಿಡು. ಬಿದ್ದದ್ದನ್ನು ನೀನೇ ಹೆಕ್ಕಿಕೊಡು. ರಂಗೋಲಿಯನ್ನೂ ಕೆಲವು ದಿನ ನೀನೇ ಇಡು. ಎಳೆ ತಪ್ಪಿದರೆ ಅಜ್ಜಿ ಕುರ್ಚಿಯಲ್ಲಿ ಕೂತೇ ಹೇಳಿಕೊಡುತ್ತಾರೆ.