‘ತೆಗೆ’ ಎಂಬ ಕ್ರಿಯಾಪದವೂ ಥೆವೆನಿನ್ ಪ್ರಮೇಯವೂ

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲಿ ಕನ್ನಡವೂ ಸೇರಿದಂತೆ ಕೆಲವು ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧನೆಗೆ ಅವಕಾಶ ನೀಡಿತು. ಇಂತಹ ಸಂದರ್ಭಗಳಲ್ಲಿ ಪರಿಭಾಷೆಯ ಚರ್ಚೆ ನಾಮಪದಗಳನ್ನು ದಾಟಿ ಹೋಗುವುದು ಅಪರೂಪ. ವೋಲ್ಟೇಜ್ ಎನ್ನಬೇಕೆ, ವಿಭವಾಂತರ ಎನ್ನಬೇಕೆ ಎಂಬುದು ದೊಡ್ಡ ತೊಡಕೇನಲ್ಲ. ಯಾವುದನ್ನು ಬಳಸಿದರೂ ವಿದ್ಯಾರ್ಥಿ ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತಾನೆ. ತೊಡಕಿರುವುದು ಕ್ರಿಯಾಪದಗಳಲ್ಲಿ. ವಿದ್ಯುನ್ಮಂಡಲ ವಿಶ್ಲೇಷಣೆಯ ಮೊದಲ ಪಾಠಗಳಲ್ಲಿ ಬರುವ ಥೆವೆನಿನ್ ಪ್ರಮೇಯ ಇದಕ್ಕೆ ಒಳ್ಳೆಯ ನಿದರ್ಶನ.

ಫ್ರಾನ್ಸಿನ ತಂತಿ ಇಲಾಖೆಯ ಇಂಜಿನಿಯರ್ ಲಿಯೋನ್ ಷಾರ್ಲ್ ಥೆವೆನಿನ್ ಇದನ್ನು ಪ್ರಕಟಿಸಿದ್ದು 1883ರಲ್ಲಿ. ಪ್ರಾಣಿದೇಹದ ವಿದ್ಯುತ್ತಿನ ಅಧ್ಯಯನದ ನಡುವೆ ಹೆಲ್ಮ್‌ಹೋಲ್ಟ್ಸ್ 1853ರಲ್ಲಿಯೇ ಇದೇ ಮಾತನ್ನು ಹೇಳಿದ್ದರೂ ಪಠ್ಯಪುಸ್ತಕಗಳಲ್ಲಿ ಉಳಿದದ್ದು ತಂತಿ ಇಂಜಿನಿಯರನ ಹೆಸರೇ. ಬ್ಯಾಟರಿಗಳೂ ರೋಧಕಗಳೂ ಎಷ್ಟೇ ತೊಡಕಾಗಿ ಹೆಣೆದುಕೊಂಡಿದ್ದರೂ, ಹೊರಗಿನಿಂದ ಎರಡು ತುದಿಗಳನ್ನು ಮಾತ್ರ ಮುಟ್ಟಬಲ್ಲವನಿಗೆ ಆ ಜಾಲವು ಒಂದು ವೋಲ್ಟೇಜ್ ಆಕರ ಮತ್ತು ಅದರೊಡನೆ ಸರಣಿಯಲ್ಲಿರುವ ಒಂದು ರೋಧಕದಂತೆಯೇ ವರ್ತಿಸುತ್ತದೆ ಎಂಬುದು ಪ್ರಮೇಯದ ತಿರುಳು. ಜಾಲದ ಘಟಕಗಳು ರೇಖೀಯವಾಗಿರಬೇಕು ಎಂಬುದೊಂದೇ ನಿಬಂಧನೆ.

12 ವೋಲ್ಟಿನ ಒಂದು ಬ್ಯಾಟರಿ, ಅದಕ್ಕೆ ಸರಣಿಯಲ್ಲಿ 6 ಓಮ್ ಮತ್ತು 3 ಓಮ್ ರೋಧಕಗಳು, 3 ಓಮಿನ ಎರಡು ತುದಿಗಳಿಗೆ 2 ಓಮಿನ ಲೋಡ್ ಎಂದಿಟ್ಟುಕೊಳ್ಳೋಣ. ಕನ್ನಡದಲ್ಲಿ ಸಹಜವಾಗಿ ಮೂಡುವ ಸೂಚನೆ ಹೀಗಿರುತ್ತದೆ: ಲೋಡನ್ನು ತೆಗೆದು ತೆರೆದ ಮಂಡಲದ ವೋಲ್ಟೇಜ್ ಕಂಡುಹಿಡಿಯಿರಿ, ಬಳಿಕ ಬ್ಯಾಟರಿಯನ್ನು ತೆಗೆದು ರೋಧ ಕಂಡುಹಿಡಿಯಿರಿ. ಎರಡೂ ಕಡೆ ‘ತೆಗೆ’. ಆದರೆ ಇವು ಒಂದೇ ಕ್ರಿಯೆಯಲ್ಲ. ಲೋಡನ್ನು ತೆಗೆದ ಜಾಗ ಖಾಲಿಯಾಗಿಯೇ ಉಳಿಯಬೇಕು. ಬ್ಯಾಟರಿಯನ್ನು ತೆಗೆದ ಜಾಗವನ್ನಾದರೋ ತಂತಿಯಿಂದ ಬೆಸೆಯಬೇಕು. ಏಕೆಂದರೆ ಅಲ್ಲಿ ನಡೆಯಬೇಕಾದದ್ದು ತೆಗೆಯುವುದಲ್ಲ, ಅದರ ವೋಲ್ಟೇಜನ್ನು ಸೊನ್ನೆಯಾಗಿಸುವುದು. ಮಾತನ್ನು ನಂಬಿ ಜಾಗವನ್ನು ಖಾಲಿ ಬಿಟ್ಟ ವಿದ್ಯಾರ್ಥಿಗೆ 6 ಓಮಿನ ರೋಧಕ ಒಂಟಿಯಾಗಿ ತೂಗಾಡುತ್ತದೆ, ಉತ್ತರ 3 ಓಮ್ ಬರುತ್ತದೆ. ಬೆಸೆದವನಿಗೆ 6 ಮತ್ತು 3 ಸಮಾಂತರವಾಗಿ 2 ಓಮ್. ಸರಿಯುತ್ತರ ಇದೇ. ಬ್ಯಾಟರಿಯ ಬದಲು ವಿದ್ಯುತ್ ಪ್ರವಾಹದ ಆಕರವಿದ್ದರೆ ಮಾತ್ರ ಸೊನ್ನೆಯಾಗಿಸುವುದೆಂದರೆ ಖಾಲಿ ಬಿಡುವುದು. ಇಷ್ಟನ್ನೆಲ್ಲ ಒಂದು ‘ತೆಗೆ’ ಹೊರಲಾರದು.

‘ತೆರೆದ ಮಂಡಲ’ದ ಕತೆ ಇನ್ನೊಂದು ಬಗೆಯದು. ನಲ್ಲಿ ತೆರೆದರೆ ನೀರು ಹರಿಯುತ್ತದೆ, ಮಂಡಲ ತೆರೆದರೆ ಪ್ರವಾಹ ನಿಲ್ಲುತ್ತದೆ. ಈ ವೈರುಧ್ಯ ಇಂಗ್ಲಿಷಿನಲ್ಲಿಯೂ ಇರುವುದರಿಂದ ಕನ್ನಡವನ್ನಷ್ಟೇ ದೂರುವಂತಿಲ್ಲ. ಸ್ವಿಚ್ ಹಾಕು, ಬಾಗಿಲು ಹಾಕು ಎನ್ನುವ ಆಡುಮಾತಾದರೋ ಒಂದೇ ಕ್ರಿಯಾಪದದಲ್ಲಿ ಮುಚ್ಚುವುದನ್ನೂ ಪ್ರವಾಹ ಹರಿಸುವುದನ್ನೂ ಸಲೀಸಾಗಿ ಸೇರಿಸಿಬಿಟ್ಟಿದೆ. ನಿಜವಾದ ಅಪಾಯವೆಂದರೆ, ಇಡೀ ಮಂಡಲವೇ ತೆರೆದಿದೆ ಎಂಬ ಭಾವನೆ. ತೆರೆದಿರುವುದು ಹೊರಗಿನ ಎರಡು ತುದಿಗಳು ಮಾತ್ರ. ಒಳಗೆ 12 ವೋಲ್ಟನ್ನು 9 ಓಮಿನಿಂದ ಭಾಗಿಸಿದಷ್ಟು, ಅಂದರೆ ಸುಮಾರು 1.33 ಆಂಪಿಯರ್, ಪ್ರವಾಹ ಹರಿಯುತ್ತಲೇ ಇರುತ್ತದೆ. ಅದರಿಂದಲೇ 3 ಓಮಿನ ತುದಿಗಳಲ್ಲಿ 4 ವೋಲ್ಟ್ ನಿಲ್ಲುತ್ತದೆ. ಪ್ರವಾಹವೇ ಇಲ್ಲವೆಂದು ಬಗೆದವನು 12 ಎಂದು ಬರೆಯುತ್ತಾನೆ. ಲೋಡನ್ನು ಬಿಡಿಸದೆ ಲೆಕ್ಕ ಹಾಕಿದವನಿಗೆ ಸಿಗುವುದು 2. ಈ ತಪ್ಪುಗಳನ್ನು ಗಣಿತದ ದೌರ್ಬಲ್ಯವೆಂದು ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ಭಾಗಾಕಾರ ಎಲ್ಲರಿಗೂ ಬರುತ್ತದೆ.

‘ಸಮಾನ ಮಂಡಲ’ ಎಂಬ ಮಾತನ್ನೂ ಇಲ್ಲಿಯೇ ಪ್ರಶ್ನಿಸಬೇಕಾಗಿದೆ. ಲೋಡಿಲ್ಲದಾಗ ಮೂಲ ಜಾಲದ ಬ್ಯಾಟರಿ 16 ವಾಟ್ ಶಕ್ತಿಯನ್ನು ವ್ಯಯಿಸುತ್ತದೆ. 4 ವೋಲ್ಟ್ ಮತ್ತು 2 ಓಮಿನ ಸಮಾನ ಮಂಡಲದ ವ್ಯಯ ಸೊನ್ನೆ. ಇವು ಸಮಾನವಾಗಿರುವುದು ಹೊರಗಿನಿಂದ ನೋಡುವವನಿಗೆ ಮಾತ್ರ. ‘ತುದಿಗಳಲ್ಲಿ ಸಮಾನ’ ಎಂದು ಒಂದು ಪದ ಸೇರಿಸಿದ್ದರೆ ಗೊಂದಲಕ್ಕೆ ಎಡೆಯಿರುತ್ತಿರಲಿಲ್ಲ.

ಪರಿಭಾಷಾ ಕೋಶಗಳು ನಾಮಪದಗಳ ಪಟ್ಟಿಗಳಾಗಿಯೇ ಇರುವವರೆಗೆ ಈ ಕೆಲಸ ಅಲ್ಲಿ ಆಗದು. ಸೂಚನಾವಾಕ್ಯಗಳನ್ನೇ ಹೊಸದಾಗಿ ಬರೆಯಬೇಕು. ಕನ್ನಡದಲ್ಲಿ ಕಳಚು, ಬೆಸೆ, ಸೊನ್ನೆಮಾಡು ಎಂಬ ಕ್ರಿಯಾಪದಗಳಿಗೆ ಕೊರತೆಯಿಲ್ಲ. ಲೋಡನ್ನು ಕಳಚಿ ತುದಿಗಳನ್ನು ಹಾಗೆಯೇ ಬಿಡಿ, ಅವುಗಳ ನಡುವಿನ ವೋಲ್ಟೇಜ್ ಬರೆಯಿರಿ. ಬ್ಯಾಟರಿಯ ವೋಲ್ಟೇಜನ್ನು ಸೊನ್ನೆಮಾಡಿ, ಅದರ ಜಾಗದಲ್ಲಿ ತಂತಿ ಬೆಸೆಯಿರಿ, ತುದಿಗಳಿಂದ ಕಾಣುವ ರೋಧ ಬರೆಯಿರಿ. ಕಳಚಿದ ಲೋಡನ್ನು ಮರಳಿ ಜೋಡಿಸಿ. 4 ವೋಲ್ಟಿಗೆ ಒಟ್ಟು 4 ಓಮ್, ಪ್ರವಾಹ 1 ಆಂಪಿಯರ್.