ಚಾಕು ಅವರದೇ, ಬ್ಯಾಟ್ರಿ ಯಾರದು?

ನಮ್ಮ ತಿಕೋಟಾ ಕಡೆ ಟಾರ್ಚ್‌ಗೆ ಟಾರ್ಚ್ ಅನ್ನುವವರು ಕಡಿಮೆ. ಅದು ‘ಬ್ಯಾಟ್ರಿ’. ಅದರೊಳಗೆ ಹಾಕುವುದು ‘ಸೆಲ್ಲು’. ವಿಜಯಪುರಕ್ಕೆ ಬಂದು ಎಲೆಕ್ಟ್ರಿಕಲ್ ಬಿಇ ಸೇರಿದ ಮೇಲೆ ಬ್ಯಾಟರಿ ಬೇರೆ, ಟಾರ್ಚ್ ಬೇರೆ ಎಂದು ಪರೀಕ್ಷೆಯಲ್ಲಿ ಬರೆದಿದ್ದೇನೆ ನಿಜ. ಆದರೆ ಹಾಸ್ಟೆಲ್‌ನಿಂದ ರಾತ್ರಿ ಮನೆಗೆ ಫೋನ್ ಮಾಡಿದಾಗ ಈಗಲೂ ಕೇಳುವುದು, ‘ಅಪ್ಪಾ, ಬ್ಯಾಟ್ರಿ ತಗೊಂಡಿಯಿಲ್ಲ?’ ಎಂದೇ.

ಕೇಳಲು ಕಾರಣವಿದೆ. ನಮ್ಮದು ಮೂರು ಎಕರೆ ದ್ರಾಕ್ಷಿ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟ್ ಪಾಳಿಯ ಮೇಲೆ ಬರುತ್ತದೆ. ರಾತ್ರಿ ಪಾಳಿ ಇದ್ದಾಗ ಅಪ್ಪ ನಡುರಾತ್ರಿ ಎದ್ದು ತೋಟಕ್ಕೆ ಹೋಗಿ ಮೋಟಾರ್ ಚಾಲೂ ಮಾಡಬೇಕು, ವಾಲ್ವ್ ತಿರುವಬೇಕು, ಡ್ರಿಪ್ ಪೈಪ್ ಎಲ್ಲಿ ಒಡೆದಿದೆ ಎಂದು ಸಾಲುಸಾಲು ಬಗ್ಗಿ ನೋಡಬೇಕು. ಬಳ್ಳಿಯ ಬುಡದಲ್ಲಿ ಒಣಗಿದ ಎಲೆ ಬಿದ್ದಿರುತ್ತದೆ. ಕೊಳಕುಮಂಡಲದ ಬಣ್ಣವೂ ಹೆಚ್ಚು ಕಡಿಮೆ ಅದೇ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ವರ್ಷಕ್ಕೆ ಸರಾಸರಿ 58 ಸಾವಿರ. ಅವರಲ್ಲಿ ಹೆಚ್ಚಿನವರು ಹಳ್ಳಿಯವರು. ಆದ್ದರಿಂದ ನಮ್ಮ ಮನೆಯಲ್ಲಿ ಬ್ಯಾಟ್ರಿ ಎಂದರೆ ಶೋಕಿಯ ವಸ್ತುವಲ್ಲ.

ಹೋದ ವರ್ಷ ಸ್ಕಾಲರ್‌ಶಿಪ್ ದುಡ್ಡು ಬಂದಾಗ ಅಪ್ಪನಿಗೆ ಒಳ್ಳೆಯ ಟಾರ್ಚ್ ಕೊಡಿಸಬೇಕು ಅನಿಸಿತು. ನನ್ನ ಕಣ್ಣು ಬಿದ್ದದ್ದು ಒಂದು ಹೆಸರಾಂತ ವಿದೇಶಿ ಚಾಕು ಕಂಪನಿಯ ಟಾರ್ಚ್ ಮೇಲೆ. ಕಂಪನಿಯ ಹೆಸರು ಹೇಳುವುದಿಲ್ಲ. ಮುಂದೆ ನಾನು ಹೆಸರಿಸುವ ಯಾವ ಕಂಪನಿಯೂ ಅದಲ್ಲ. ಆ ಕಂಪನಿಯ ಮಡಚುವ ಚಾಕು ಆರು ವರ್ಷದಿಂದ ಅಪ್ಪನ ಜೇಬಿನಲ್ಲಿದೆ. ಪುಣೆಯಲ್ಲಿರುವ ಕಾಕಾ ಕೊಟ್ಟದ್ದು. ಸುತಳಿ ಕೊಯ್ಯಲು, ಪೈಪ್ ಕತ್ತರಿಸಲು, ಡಾಗ್‌ರಿಜ್ ಬೇರುಸಸಿಗೆ ಕಸಿ ಕಟ್ಟಲು ಅದೇ ಬೇಕು. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ. ಇಂಥ ಚಾಕು ಮಾಡುವವರು ಟಾರ್ಚ್ ಕೆಟ್ಟದಾಗಿ ಮಾಡುತ್ತಾರೆಯೇ ಎಂದು ನಾನು 2,800 ರೂಪಾಯಿ ಕೊಟ್ಟು ತರಿಸಿದೆ. ಜೊತೆಗೆ ಅದೇ ಹೆಸರಿನ ಚಾಕು ಚೀಲ ಮತ್ತು ಸಾಣೆ ಹಿಡಿಯುವ ಪೆನ್ನು.

ಅಪ್ಪ ಡಬ್ಬಿ ತಿರುವಿ ಮುರುವಿ ನೋಡಿ, ‘ಚಾಕು ಮಾಡಾಂವಗ ಬ್ಯಾಟ್ರಿ ಮಾಡಾಕ ಬರ್ತೈತೇನೋ ತಮ್ಮಾ?’ ಎಂದ. ನಾನು ನಕ್ಕೆ. ನಾಲ್ಕು ತಿಂಗಳಾಗುವಷ್ಟರಲ್ಲಿ ರಬ್ಬರ್ ಸ್ವಿಚ್ ಒಳಗೆ ಹೋಗಿ ಕುಳಿತುಬಿಟ್ಟಿತು. ಸೆಲ್ಲು ಹೊರತೆಗೆಯಲು ಬರುವ ಹಾಗಿರಲಿಲ್ಲ. ಫೋನ್ ಮಾಡಿದರೆ, ಚಾಕುವಿಗೆ ಮಾತ್ರ ಆಜೀವ ವಾರಂಟಿ, ಟಾರ್ಚ್ ವಿಷಯಕ್ಕೆ ತರಿಸಿದವರನ್ನು ಕೇಳಿ ಎಂಬ ಉತ್ತರ. ತರಿಸಿದವರ ನಂಬರ್ ಇವತ್ತಿನವರೆಗೂ ಎತ್ತಿಲ್ಲ.

ಬಿಚ್ಚಿ ನೋಡುವುದು ನಮ್ಮ ಬ್ರಾಂಚಿನವರ ಹಳೆಯ ಚಟ. ಲ್ಯಾಬ್ ಟೇಬಲ್ ಮೇಲೆ ಬಿಚ್ಚಿದೆ. ಒಳಗೆ ಬೆರಳುದ್ದದ ಸಣ್ಣ ಲಿಥಿಯಂ ಸೆಲ್, ಸಾದಾ ಸರ್ಕ್ಯೂಟ್. ಮುಂದಿನ ವಾರ ಎಲ್‌ಬಿಎಸ್ ಮಾರ್ಕೆಟ್‌ನಲ್ಲಿ ಅಡ್ಡಾಡುವಾಗ ಅದೇ ಆಕಾರದ, ಅದೇ ಗೆರೆಗಳ ಮೈಯ ಟಾರ್ಚ್ ಬೇರೆ ಹೆಸರಿನಲ್ಲಿ 600 ರೂಪಾಯಿಗೆ ಸಿಕ್ಕಿತು. ಒಳಗಿನದೂ ಒಂದೇ ಎಂದು ನಾನು ಆಣೆ ಮಾಡಲಾರೆ. ಆದರೆ ಅಪ್ಪನ ಪ್ರಶ್ನೆ ಆವತ್ತಿನಿಂದ ತಲೆಯಲ್ಲಿ ಕುಳಿತಿದೆ.

ಚಾಕುವಿನ ಹೆಸರು ಹುಟ್ಟುವುದು ಉಕ್ಕಿನ ಹದದಿಂದ. ಎಲ್ಲರಿಗೂ ಗೊತ್ತಿರುವ ಸ್ವಿಸ್ ಚಾಕುವಿನ ಕಥೆಯನ್ನೇ ನೋಡಿ. ಕಾರ್ಲ್ ಎಲ್ಸೆನರ್ 1884ರಲ್ಲಿ ಸ್ವಿಟ್ಜರ್ಲೆಂಡಿನ ಇಬಾಖ್ ಎಂಬ ಊರಿನಲ್ಲಿ ಚಾಕುವಿನ ಕಾರ್ಯಾಗಾರ ತೆರೆದ. 1891ರಲ್ಲಿ ಸ್ವಿಸ್ ಸೈನಿಕರಿಗೆ ಚಾಕು ಕೊಟ್ಟ. 1897ರಲ್ಲಿ ಇಂದಿನ ಕೆಂಪು ಚಾಕುವಿನ ಮೂಲರೂಪ ಬಂತು. 1909ರಲ್ಲಿ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ಆಕೆಯ ಹೆಸರನ್ನೇ ಕಂಪನಿಗೆ ಇಟ್ಟ. 1921ರಲ್ಲಿ ತುಕ್ಕು ಹಿಡಿಯದ ಉಕ್ಕು ಎಂಬ ಅರ್ಥದ ‘ಇನಾಕ್ಸ್’ ಸೇರಿ ವಿಕ್ಟೋರಿನಾಕ್ಸ್ ಆಯಿತು. ಕಸಿ ಕಟ್ಟುವ ಚಾಕುಗಳನ್ನೂ ಅವರು ಮಾಡುತ್ತಾರೆ. ನೂರು ವರ್ಷಕ್ಕೂ ಮೇಲ್ಪಟ್ಟು ಒಂದೇ ಕೆಲಸ ಮಾಡಿ ಗಳಿಸಿದ ಹೆಸರು ಅದು. ಆ ಹೆಸರು ಅಲಗಿನ ಬಗ್ಗೆ ಸಾಕ್ಷಿ ಹೇಳುತ್ತದೆ. ಎಲ್‌ಇಡಿ ಬಗ್ಗೆ ಅದಕ್ಕೆ ಏನು ಗೊತ್ತು?

ಹಾಗಾದರೆ ಚಾಕು ಕಂಪನಿಗಳಿಗೆ ಬೇರೆ ಸಾಮಾನಿನ ಉಸಾಬರಿ ಯಾಕೆ? ಒಳ್ಳೆಯ ಚಾಕು ಮೂವತ್ತು ವರ್ಷ ಬಾಳುತ್ತದೆ. ಒಮ್ಮೆ ಕೊಂಡವನು ಮತ್ತೆ ಅಂಗಡಿಗೆ ಬರುವುದೇ ಇಲ್ಲ. ಒಳ್ಳೆಯ ಮಾಲು ಮಾಡುವವರ ಕಷ್ಟವೇ ಅದು. ಅದರ ಮೇಲೆ 2001ರ ಸೆಪ್ಟೆಂಬರ್ ದಾಳಿಯ ನಂತರ ವಿಮಾನದೊಳಗೆ ಜೇಬಿನ ಚಾಕು ಒಯ್ಯುವುದು ನಿಂತು, ವಿಮಾನ ನಿಲ್ದಾಣದ ಅಂಗಡಿಗಳ ವ್ಯಾಪಾರವೇ ಬಿದ್ದುಹೋಯಿತು. ವಿಕ್ಟೋರಿನಾಕ್ಸ್‌ನವರು ವಾಚು, ಸೂಟ್‌ಕೇಸ್ ಕಡೆ ಹೆಚ್ಚು ವಾಲಿದರು. ಸೂಟ್‌ಕೇಸಿಗೆ ಮೊದಲು ಅಮೆರಿಕದ ಒಂದು ಕಂಪನಿಗೆ ಹೆಸರು ಬಳಸಲು ಲೈಸನ್ಸ್ ಕೊಟ್ಟಿದ್ದರು, 2014ರಲ್ಲಿ ಆ ವ್ಯವಹಾರವನ್ನು ತಾವೇ ಕೊಂಡರು. ಇದರಲ್ಲಿ ಮೋಸವೇನೂ ಇಲ್ಲ. ನಮ್ಮ ಮನೆಯ ಟಿವಿ, ಫೋನ್‌ಗಳಲ್ಲೂ ಇದೇ ನಡೆದಿದೆ. ಭಾರತದಲ್ಲಿ ಕೊಡಾಕ್ ಹೆಸರಿನ ಟಿವಿ ಮಾಡುವುದು ಸೂಪರ್ ಪ್ಲಾಸ್ಟ್ರಾನಿಕ್ಸ್ ಎಂಬ ನಮ್ಮ ದೇಶದ ಕಂಪನಿ. ನೋಕಿಯಾ ಹೆಸರಿನ ಫೋನ್ 2016ರ ನಂತರ ಎಚ್‌ಎಂಡಿ ಗ್ಲೋಬಲ್‌ನದು. ಮಾಲು ಕೆಟ್ಟದ್ದು ಅಂತಲ್ಲ. ನಾವು ದುಡ್ಡು ಕೊಡುವಾಗ ನಂಬುವುದು ಒಬ್ಬರನ್ನು, ಮಾಡಿದವರು ಇನ್ನೊಬ್ಬರು, ಅಷ್ಟೇ.

ನಮ್ಮೂರ ಕಂಬಾರ ಕಾಕಾ ಕುಡಗೋಲಿನ ಜೊತೆ ಕಂದೀಲು ಮಾರಿದ್ದನ್ನು ನಾನಂತೂ ನೋಡಿಲ್ಲ.

ನನ್ನ ರೂಮ್‌ಮೇಟ್ ಇದನ್ನು ಒಪ್ಪುವುದಿಲ್ಲ. ದೊಡ್ಡ ಕಂಪನಿ ಯಾರಿಂದ ಮಾಡಿಸಿದರೂ ತನ್ನ ಹೆಸರು ಕೆಡಬಾರದೆಂದು ಪರೀಕ್ಷೆ ಮಾಡಿಯೇ ಮಾರುತ್ತದೆ, ಬೀದಿಯ ಮಾಲಿಗೆ ಆ ಭಯವೂ ಇಲ್ಲ ಎನ್ನುವುದು ಅವನ ವಾದ. ಅದರಲ್ಲಿ ಹುರುಳಿದೆ. ಅಮೆರಿಕದ ಲೆದರ್‌ಮನ್ ಕಂಪನಿಯನ್ನೇ ತಗೊಳ್ಳಿ. ಟಿಮ್ ಲೆದರ್‌ಮನ್ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. 1975ರಲ್ಲಿ ಹಳೆಯ ಫಿಯಟ್ ಕಾರಿನಲ್ಲಿ ಯುರೋಪ್ ಸುತ್ತುವಾಗ, ಕೆಡುತ್ತಲೇ ಇದ್ದ ಆ ಕಾರನ್ನು ರಿಪೇರಿ ಮಾಡಲು ಜೇಬಿನ ಚಾಕು ಸಾಲದೆ, ಇದಕ್ಕೊಂದು ಪಕ್ಕಡ್ ಇದ್ದಿದ್ದರೆ ಎಂದುಕೊಂಡರಂತೆ. ಕಂಪನಿ ಶುರುವಾದದ್ದು 1983ರಲ್ಲಿ. (ಪ್ಲೇಸ್‌ಮೆಂಟ್ ಆಗದೆ ಒಂದು ವರ್ಷ ಕಳೆದರೇ ನಾವು ಕಂಗಾಲು, ಅವರು ಎಂಟು ವರ್ಷ ಒಂದೇ ಸಾಮಾನಿನ ಹಿಂದೆ ಬಿದ್ದಿದ್ದರು.) ಆ ಕಂಪನಿಗೆ ಟಾರ್ಚ್ ವ್ಯಾಪಾರ ಬೇಕೆನಿಸಿದಾಗ 2011ರಲ್ಲಿ ಜರ್ಮನಿಯ ಎಲ್‌ಇಡಿ ಲೆನ್ಸರ್ ಎಂಬ ಟಾರ್ಚ್ ಕಂಪನಿಯನ್ನೇ ಕೊಂಡಿತು, ಟಾರ್ಚ್‌ಗಳು ಆ ಹೆಸರಿನಲ್ಲೇ ಬರುತ್ತಿವೆ. ಕೆಲಸ ಬಲ್ಲವರನ್ನು ಹುಡುಕಿ, ಅವರ ಹೆಸರನ್ನೂ ಉಳಿಸುವುದು ನನಗೆ ಸರಿ ಕಾಣುವ ದಾರಿ. ವಿಕ್ಟೋರಿನಾಕ್ಸ್‌ನ ಕೆಲವು ಸಣ್ಣ ಚಾಕುಗಳಲ್ಲೂ ಪುಟ್ಟ ಎಲ್‌ಇಡಿ ಇರುತ್ತದೆ. ಕತ್ತಲಲ್ಲಿ ಬೀಗದ ತೂತು ಹುಡುಕಲು ಅದು ಚೆಂದ. ತೋಟಕ್ಕೆ ಅಲ್ಲ.

ರೂಮ್‌ಮೇಟ್ ಮರೆಯುವ ಇನ್ನೊಂದು ಮಾತೆಂದರೆ, ಹೆಸರು ದೊಡ್ಡದಾದಷ್ಟೂ ನಕಲಿ ಹೆಚ್ಚು. ಡಬ್ಬಿಯ ಮುಂದಿನ ದೊಡ್ಡ ಅಕ್ಷರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ನಮ್ಮ ದೇಶದ 2011ರ ಪ್ಯಾಕೇಜ್ ನಿಯಮಗಳ ಪ್ರಕಾರ ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ಗರಿಷ್ಠ ಬೆಲೆ, ದೂರು ಹೇಳಲು ಸಂಪರ್ಕ ಎಲ್ಲವೂ ಅಲ್ಲಿರಬೇಕು. ನಾನು ಅದನ್ನು ಓದಿದ್ದು ಸ್ವಿಚ್ ಕೆಟ್ಟ ಮೇಲೆ.

ಟಾರ್ಚ್‌ನ ಒಳಗಿನ ಲೆಕ್ಕ ಮಾತ್ರ ಯಾವ ಹೆಸರಿಗೂ ಬಗ್ಗುವುದಿಲ್ಲ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಾವು ಮೋಸ ಹೋಗುವುದೇ ಇಲ್ಲಿ. ಈಗಿನ ಒಳ್ಳೆಯ ಟಾರ್ಚ್‌ಗಳಲ್ಲಿ ಬಳಸುವ 18650 ಸೆಲ್ ಎಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಅಷ್ಟು ಜಾಗದಲ್ಲಿ ತುಂಬಲು ಆಗುವುದು ಹೆಚ್ಚೆಂದರೆ 3,500 ಎಂಎಎಚ್ ಆಸುಪಾಸು. ಅದರ ಮೇಲೆ 9,900 ಎಂದು ಬರೆದಿದ್ದರೆ ಅಲ್ಲೇ ಕೆಳಗಿಡಿ. 3.7 ವೋಲ್ಟ್‌ನಿಂದ ಗುಣಿಸಿದರೆ ಒಂದು ಒಳ್ಳೆಯ ಸೆಲ್ಲಿನಲ್ಲಿ ಸುಮಾರು 12 ವ್ಯಾಟ್‌ಅವರ್ ಶಕ್ತಿ. ಎಲ್‌ಇಡಿ ಟಾರ್ಚ್ ಒಂದು ವ್ಯಾಟ್‌ಗೆ ಸುಮಾರು 100 ಲ್ಯೂಮೆನ್ ಬೆಳಕು ಕೊಡುತ್ತದೆ ಎಂದು ಹಿಡಿಯಿರಿ. 300 ಲ್ಯೂಮೆನ್‌ಗೆ 3 ವ್ಯಾಟ್, ಅಂದರೆ ನಾಲ್ಕು ತಾಸು. ಒಂದು ರಾತ್ರಿ ಪಾಳಿಯ ಓಡಾಟಕ್ಕೆ ಇಷ್ಟು ಧಾರಾಳ. ಅದೇ 1,000 ಲ್ಯೂಮೆನ್ ಉರಿಸಿದರೆ ಒಂದೂಕಾಲು ತಾಸೂ ಬಾರದು, ಕೈಯೂ ಸುಡುತ್ತದೆ. ಒಂದು ಲಕ್ಷ ಲ್ಯೂಮೆನ್ ಎಂದು ಮಾರುವವರೂ ಇದ್ದಾರೆ. ಅದಕ್ಕೆ 1,000 ವ್ಯಾಟ್ ಬೇಕು. ಮನೆಯ ಇಸ್ತ್ರಿ ಪೆಟ್ಟಿಗೆ ಎಳೆಯುವಷ್ಟು ಕರೆಂಟ್ ಜೇಬಿನ ಸೆಲ್ಲಿನಿಂದ!

ಟಾರ್ಚ್‌ಗಳನ್ನು ಅಳೆಯಲು 2009ರಿಂದ ಎಫ್‌ಎಲ್1 ಎಂಬ ಒಂದು ಮಾನದಂಡವೂ ಇದೆ. ಅದರ ಪ್ರಕಾರ ‘200 ಮೀಟರ್ ದೂರ’ ಎಂದರೆ ಅಷ್ಟು ದೂರದಲ್ಲಿ ಹುಣ್ಣಿಮೆ ಬೆಳದಿಂಗಳಷ್ಟು ಬೆಳಕು ಬೀಳುತ್ತದೆ ಎಂದರ್ಥ, ಹಾವು ಗುರುತು ಸಿಗುತ್ತದೆ ಎಂದಲ್ಲ. ‘ಹತ್ತು ತಾಸು ಉರಿಯುತ್ತದೆ’ ಎಂದರೆ ಬೆಳಕು ಮೊದಲಿನ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಸಮಯ. 1,000 ಲ್ಯೂಮೆನ್ ಎಂದು ಕೊಂಡ ಟಾರ್ಚ್ ಒಂಬತ್ತನೇ ತಾಸಿನಲ್ಲಿ 110 ಲ್ಯೂಮೆನ್ ಕೊಡುತ್ತಿದ್ದರೂ ಡಬ್ಬಿಯ ಮಾತು ಸುಳ್ಳಲ್ಲ. ದೂರ ಹೊಡೆಯುವ ಬೆಳಕು ಅಪ್ಪನಿಗೆ ಬೇಕಾಗಿಯೂ ಇಲ್ಲ. ಹಂದರದ ಕೆಳಗೆ ಹತ್ತು ಹೆಜ್ಜೆ ಮುಂದಿನ ನೆಲ ಅಗಲವಾಗಿ ಕಾಣಬೇಕು, ಒಣ ಎಲೆಯ ಬಣ್ಣ ಒಣ ಎಲೆಯದೇ ಆಗಿ ಕಾಣಬೇಕು. ಮಳೆಗೆ ತಡೆಯಬೇಕು. ಎಲ್ಲಕ್ಕಿಂತ ಮೊದಲು, ಸೆಲ್ಲು ಸತ್ತರೆ ಬೇರೆ ಹಾಕಲು ಬರಬೇಕು. ಅಜ್ಜನ ಕಾಲದ ಮೂರು ಸೆಲ್ಲಿನ ಸ್ಟೀಲ್ ಬ್ಯಾಟ್ರಿಗೆ ಇದ್ದ ಈ ಗುಣ ಇವತ್ತಿನ ಎಷ್ಟೋ ದುಬಾರಿ ಟಾರ್ಚ್‌ಗಳಿಗೆ ಇಲ್ಲ.

ಇನ್ನು ಉಳಿದ ಸಾಮಾನುಗಳು. ಚಾಕುವಿನ ದೇಹಕ್ಕೆ ಸೇರಿದ ಭಾಗವಾದರೆ ಕಣ್ಣು ಮುಚ್ಚಿ ಅವರದನ್ನೇ ಕೊಳ್ಳಬಹುದು. ಸ್ವಿಸ್ ಚಾಕುವಿನ ಹಲ್ಲುಕಡ್ಡಿ, ಪುಟ್ಟ ಚಿಮಟ ಕಳೆಯುವುದೇ ಹೆಚ್ಚು, ಅವು ಬಿಡಿಯಾಗಿ ಸಿಗುತ್ತವೆ. ಆದರೆ ನಾನು ತರಿಸಿದ ಚೀಲ? ಅಪ್ಪ ಅದನ್ನು ಬೆಲ್ಟಿಗೆ ಹಾಕಲೇ ಇಲ್ಲ. ಧೋತರಕ್ಕೆ ಬೆಲ್ಟ್ ಎಲ್ಲಿಂದ ಬರಬೇಕು, ಅದನ್ನು ನಾನೂ ಯೋಚಿಸಿರಲಿಲ್ಲ. ಕೊನೆಗೆ ಬಜಾರಿನಲ್ಲಿ ಚಪ್ಪಲಿ ಹೊಲಿಯುವ ಕಾಕಾನಿಂದ 150 ರೂಪಾಯಿಗೆ ಉಡದಾರಕ್ಕೆ ಕಟ್ಟುವಂಥ ತೊಗಲಿನ ಚೀಲ ಹೊಲಿಸಿದೆವು. ಸಾಣೆ ಪೆನ್ನು ಕೆಟ್ಟದ್ದಲ್ಲ, ಪ್ರವಾಸದಲ್ಲಿ ಉಪಯೋಗ. ಮನೆಯಲ್ಲಿ ಸಾಣೆಕಲ್ಲು ಇದ್ದವರಿಗೆ ಬೇಡ. ಕೀಚೈನ್, ಟೋಪಿ, ಲೋಗೋ ಇರುವ ಮಗ್ ಬಗ್ಗೆ ಬರೆದು ಈ ಪುಟದ ಜಾಗ ತಿನ್ನುವುದಿಲ್ಲ.

ಆರು ಸೆಮಿಸ್ಟರ್ ಮುಗಿಯುವ ಮೊದಲು ಕೈಯಲ್ಲಿ ದುಡ್ಡು ಬರುವುದೇ ಅಪರೂಪ. ಆ 2,800 ರೂಪಾಯಿ ನನ್ನ ಪರೀಕ್ಷಾ ಶುಲ್ಕಕ್ಕೋ ಅವ್ವನ ಕನ್ನಡಕಕ್ಕೋ ಹೋಗಬಹುದಿತ್ತು. ಚಾಕು ಕಂಪನಿಯ ಮೇಲೆ ನನಗೆ ಸಿಟ್ಟಿಲ್ಲ. ಅದರ ಚಾಕು ಈಗಲೂ ಕೊಳ್ಳಿ ಎಂದೇ ಗೆಳೆಯರಿಗೆ ಹೇಳುತ್ತೇನೆ. ಟಾರ್ಚ್ ಬೇಕಾದರೆ ಟಾರ್ಚನ್ನೇ ಹೊಟ್ಟೆಪಾಡು ಮಾಡಿಕೊಂಡವರ ಬಳಿ ಹೋಗಿ ಎನ್ನುತ್ತೇನೆ.

ಈಗ ಅಪ್ಪನ ಕೈಯಲ್ಲಿರುವುದು ಸೆಲ್ಲು ಬದಲಿಸಲು ಬರುವ, 1,100 ರೂಪಾಯಿಯ ಒಂದು ಸಾದಾ ಟಾರ್ಚ್. ಎರಡು ಸೆಲ್ಲು ಇವೆ, ಒಂದು ಚಾರ್ಜಿಗೆ, ಒಂದು ತೋಟಕ್ಕೆ. ಅಕ್ಟೋಬರ್ ಚಾಟ್ನಿ ಮುಗಿದ ವಾರ ಮತ್ತೆ ರಾತ್ರಿ ಪಾಳಿ ಬಂದಿತ್ತು. ಒಂದು ಗಂಟೆಗೆ ಫೋನ್ ಮಾಡಿದೆ. ‘ಪೈಪು ಒಡದಿತ್ತು, ಚಾಕುಲೆ ಕೊಯ್ದು ಜೋಡಿಸೀನಿ. ಬೆಳಕು ಛಲೋ ಐತಿ, ನೀ ಮಲಕೋ’ ಎಂದ ಅಪ್ಪ.